ನಜ್ಮುನ್ನೀಸಾ ಮೇಡಂ ಅವರ ಅನುಮಾನದ ಪುಸ್ತಕ

ಗುರುವಾರ. ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ. ಹೆಬ್ಬಾಳದ ಕಡೆಯ ಬೋಧನಾ ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗದ ಬಾಗಿಲು ಆಗಲೇ ತೆರೆದಿದೆ. ಒಳಗೆ ಇರುವುದು ಒಬ್ಬರೇ. ಡಾ. ನಜ್ಮುನ್ನೀಸಾ, ಪ್ರೊಫೆಸರ್, ವಯಸ್ಸು ಐವತ್ತೆರಡು, ಹತ್ತಿ ಸೀರೆಯ ಮೇಲೆ ಬಿಳಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ಕಿಟಕಿ ಪಕ್ಕದ ಮೈಕ್ರೋಸ್ಕೋಪಿನ ಕೆಳಗೆ ಒಂದು ಸ್ಲೈಡು ಇಡುತ್ತಾರೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಕೊಟ್ಟು ಅಂಟಿಸಿದ ಗಾಜಿನ ಪಟ್ಟಿ ಅದು. ತುದಿಯಲ್ಲಿರುವ ನಂಬರಿನ ಮೇಲೆ ಮೇಡಂ ಒಂದು ತುಂಡು ಪ್ಲಾಸ್ಟರ್ ಅಂಟಿಸಿ ಮುಚ್ಚಿದ್ದಾರೆ. ಇದು ಯಾರ ಚೂರು ಎಂದು ತಮಗೇ ಗೊತ್ತಾಗಬಾರದು!

ಇದು ಅವರ ದಿನದ ಮೊದಲ ಕೆಲಸ. ಈ ದಿನದ ಆಪರೇಷನ್ ಪಟ್ಟಿಯಲ್ಲಿ ಯಾರ ಭವಿಷ್ಯ ಪೆಥಾಲಜಿಯ ರಿಪೋರ್ಟಿನ ಮೇಲೆ ನಿಂತಿದೆಯೋ ಅಂಥವರ ಸ್ಲೈಡನ್ನು ಮತ್ತೊಮ್ಮೆ, ಹೊಸದಾಗಿ ನೋಡುವವರಂತೆ ನೋಡುವುದು. ರಿಪೋರ್ಟಿಗೆ ಸಹಿ ಹಾಕಿದವರು ತಾವೇ. ಆದರೂ ನಂಬಿಕೆಯಿಲ್ಲ. "ನೆನ್ನೆ ನಾನು ಸರಿಯಾಗಿ ನೋಡಿದ್ದೆ ಅನ್ನೋಕೆ ಏನ್ ಗ್ಯಾರಂಟಿ? ನೆನ್ನೆ ನಂಗೆ ತಲೆ ನೋಯ್ತಿತ್ತೇನೋ" ಎನ್ನುತ್ತಾರೆ. ಬೆಳಗಿನ ಹೊತ್ತೇ ಏಕೆ ಎಂದರೆ ಅದಕ್ಕೂ ಅವರಲ್ಲಿ ಉತ್ತರವಿದೆ. ಎಂಟು ಗಂಟೆಯ ಮೇಲೆ ಜನ ಬರುತ್ತಾರೆ, ಜನ ಬಂದರೆ ಅಭಿಪ್ರಾಯಗಳೂ ಬರುತ್ತವೆ.

ಮೊದಲ ಸ್ಲೈಡು ಸರಿಯಿದೆ, ಎರಡನೆಯದೂ ಸರಿ. ಮೂರನೆಯದಕ್ಕೆ ಕಣ್ಣಿಟ್ಟವರು ತಲೆಯೆತ್ತುವುದೇ ಇಲ್ಲ. ಗಾಜಿನ ಮೇಲೆ ಮೂರು ಚೂರುಗಳಿವೆ. ದೊಡ್ಡವೆರಡು ಸಾಧು, ಅಂದರೆ ಕ್ಯಾನ್ಸರ್ ಇಲ್ಲದವು. ಮೂಲೆಯ ಚಿಕ್ಕದರಲ್ಲಿ ಕ್ಯಾನ್ಸರ್ ಇದೆ, ನೆನ್ನೆ ಮೊನ್ನೆ ಸೇರಿದ ಡಾಕ್ಟರೂ ಗುರುತಿಸುವಷ್ಟು ಢಾಳಾಗಿ. ಆದರೆ ದೊಡ್ಡವೆರಡು ನಿಚ್ಚಳವಾಗಿ ಕಾಣುವಂತೆ ತಿರುಪು ತಿರುಗಿಸಿದರೆ ಚಿಕ್ಕದು ಮಸುಕಾಗುತ್ತದೆ. ಚಿಕ್ಕದು ನಿಚ್ಚಳವಾದರೆ ದೊಡ್ಡವು ಮಸುಕು. ಒಂದೇ ಹಾಸಿನ ಮೇಲೆ ಕೂತ ಚೂರುಗಳಲ್ಲ ಇವು. ಚಿಕ್ಕದು ಎಲ್ಲಿಂದಲೋ ಬಂದು ಮೇಲೆ ಕೂತಂತಿದೆ.

ಪ್ಲಾಸ್ಟರ್ ಕಿತ್ತು ನಂಬರು ನೋಡಿ, ಚೂರುಗಳು ಬಂದಾಗ ದಾಖಲಿಸುವ ರಿಜಿಸ್ಟರು ತೆರೆಯುತ್ತಾರೆ. ಅಕ್ಕಯ್ಯಮ್ಮ, ಮೂವತ್ತೆಂಟು ವರ್ಷ, ಹುಣಸಮಾರನಹಳ್ಳಿ, ಎಡ ಸ್ತನದ ಗಂಟು. ಬಂದ ಚೂರುಗಳು: ಎರಡು. ಮೇಡಂ ಮತ್ತೆ ಸ್ಲೈಡು ನೋಡಿ ಎಣಿಸುತ್ತಾರೆ. ಮೂರು. ರಿಪೋರ್ಟಿನ ಪ್ರತಿಯಲ್ಲಿ ಕ್ಯಾನ್ಸರ್ ಎಂದಿದೆ. ಕೆಳಗಿರುವುದು ಅವರದೇ ಸಹಿ. ಒಂಬತ್ತು ಗಂಟೆಗೆ ಅಕ್ಕಯ್ಯಮ್ಮನ ಎಡ ಸ್ತನವನ್ನು ಪೂರ್ತಿ ತೆಗೆಯುತ್ತಾರೆ. ಗೋಡೆ ಗಡಿಯಾರ ಆರೂ ಹತ್ತು ತೋರಿಸುತ್ತಿದೆ.

ಈ ನಜ್ಮುನ್ನೀಸಾ ಮೇಡಂ ಯಾರೆಂದು ಆಸ್ಪತ್ರೆಯ ಗೇಟಿನಲ್ಲಿ ಕೇಳಿದರೆ ಕಾವಲುಗಾರ ತಲೆ ಕೆರೆದುಕೊಳ್ಳುತ್ತಾನೆ. ಸರ್ಜನ್ನು ಗೊತ್ತು, ಹೆರಿಗೆ ಡಾಕ್ಟರು ಗೊತ್ತು, ಮೈಕ್ರೋಸ್ಕೋಪಿನ ಹಿಂದೆ ಕೂತವರು ಯಾರಿಗೆ ಗೊತ್ತು? ಕಾಯಿಲೆ ವಾಸಿಯಾದರೆ ಸರ್ಜನ್ನಿಗೆ ಹಾರ, ವಾಸಿಯಾಗದಿದ್ದರೆ ಹಣೆಬರಹಕ್ಕೆ ಬೈಗುಳ. ಪೆಥಾಲಜಿಯವರಿಗೆ ಅದೂ ಇಲ್ಲ, ಇದೂ ಇಲ್ಲ. ವಿಭಾಗದ ಒಳಗೆ ಮಾತ್ರ ಅವರನ್ನು ಎಲ್ಲರೂ ಬಲ್ಲರು. ಬೆನ್ನ ಹಿಂದೆ ಅವರಿಗೆ ಸಿ.ಐ.ಡಿ. ಮೇಡಂ ಎಂದೇ ಹೆಸರು.

ಹೆಸರಿಟ್ಟವರ ತಪ್ಪೇನೂ ಇಲ್ಲ ಬಿಡಿ. ಈ ಪುರವಣಿಗಾಗಿ ಮಾತಾಡಿಸಲು ಹೋದಾಗ ಮೇಡಂ ಕೇಳಿದ ಮೊದಲ ಪ್ರಶ್ನೆ, "ಯಾರ್ ಕಳ್ಸಿದ್ರು?" ಗುರುತಿನ ಚೀಟಿ ತೋರಿಸಿದರೆ ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿದರು. ಅಷ್ಟೂ ಸಾಲದೆಂದು ಪತ್ರಿಕೆಯ ಕಚೇರಿಗೆ ಫೋನು ಮಾಡಿ ವಿಚಾರಿಸಿಕೊಂಡರು. ಆಮೇಲೆ ಒಂದು ಷರತ್ತು: "ನನ್ನ ಹೆಸರು ಹಾಕಿ, ತಪ್ಪು ಮಾಡಿದ್ದನ್ನೂ ಹಾಕಿ. ಆಸ್ಪತ್ರೆ ಹೆಸರು ಬೇಡ. ಬಡವ್ರು ಬರೋ ಜಾಗ, ಹೆದರ್ಕೊಂಡು ಬರೋದು ನಿಲ್ಸಿದ್ರೆ ಅವ್ರಿಗೇ ನಷ್ಟ." ಪತ್ರಿಕೆ ತಮಗೂ ಬೇಕಾದ ವಸ್ತುವೇ ಎಂದು ನಕ್ಕರು. ಸ್ಲೈಡು ಮಾಡುವ ತಟ್ಟೆಯ ನೀರು ಒರೆಸಲು ಹಳೇ ಪತ್ರಿಕೆಯ ಪಟ್ಟಿ ಬಳಸುತ್ತಾರೆ, ಭಾನುವಾರದ ಕಾಗದ ನೀರನ್ನು ಚೆನ್ನಾಗಿ ಹೀರುತ್ತದಂತೆ. ಹೊಗಳಿಕೆಯೋ ತೆಗಳಿಕೆಯೋ, ತೆಗೆದುಕೊಂಡಾಯಿತು.

ಮೇಡಂ ಹುಟ್ಟಿ ಬೆಳೆದದ್ದು ಯಶವಂತಪುರದಲ್ಲಿ. ತಂದೆ ರಹಮತುಲ್ಲಾ ಸಾಹೇಬರದು ಕಡಲೆಕಾಯಿ ವ್ಯಾಪಾರ. ಮೂಟೆಯ ಬಾಯಲ್ಲಿರುವ ಕಾಯಿ ನೋಡಿ ಬೆಲೆ ಹೇಳುವವನು ಮೂರ್ಖ, ತಳದಿಂದ ಒಂದು ಹಿಡಿ ಎಳೆದು ನೋಡು ಎಂದು ಮಗಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಮಗಳು ಡಾಕ್ಟರಿಕೆ ಓದಲು ಹೊರಟಾಗ ನೆಂಟರಿಗೆ ಖುಷಿಯೋ ಖುಷಿ. ಮನೆಯ ಹೆಣ್ಣುಮಕ್ಕಳ ಹೆರಿಗೆಗೆ ಆಯಿತು ಎಂದುಕೊಂಡರು. ಹುಡುಗಿ ಆರಿಸಿಕೊಂಡದ್ದು ಪೆಥಾಲಜಿ. "ಹೆಣ ಕೊಯ್ಯೋ ಕೆಲಸ ಅಂತ ಗೊತ್ತಾದ್ಮೇಲೆ ಮದುವೆ ಮಾತಿಗೆ ಬಂದೋರು ಚಾ ಕುಡಿದು ಹೊರಟುಹೋದ್ರು. ಇಬ್ರು ಚಾನೂ ಮುಟ್ಲಿಲ್ಲ, ನಾನೇ ಮಾಡಿದ್ದು ಅಂತ ಗೊತ್ತಾಗಿ!" ಎಂದು ಮೇಡಂ ಈಗ ನಗುತ್ತಾರೆ. ಆಗ ನಕ್ಕಿರಲಾರರು. ಈಗ ಆರ್.ಟಿ. ನಗರದಲ್ಲಿ ತಂಗಿ ಕುಲ್ಸುಮ್ ಜೊತೆಗಿದ್ದಾರೆ. ತಂಗಿಯ ದೂರು ಬೇರೆಯೇ ಇದೆ: "ಆಪಾ ಹಾಲಿನವನ ಹತ್ರಾನೂ, ಇದು ಯಾವ ಎಮ್ಮೆದು, ಎಷ್ಟೊತ್ತಿಗೆ ಕರೆದಿದ್ದು ಅಂತ ಕೇಳ್ತಾರೆ. ಮೂರು ಜನ ಹಾಲಿನವ್ರು ಬಿಟ್ಟುಹೋದ್ರು ಕಣ್ರೀ."

ಹದಿನಾಲ್ಕು ವರ್ಷದಿಂದ, ಅಂದರೆ ಎಪ್ಪತ್ತನೇ ಇಸವಿಯಿಂದ ಈ ವಿಭಾಗದಲ್ಲಿ ಎಂ.ಡಿ. ಓದುವವರ ತರಬೇತಿ ಅವರ ಹೆಗಲ ಮೇಲಿದೆ. ವರ್ಷಕ್ಕೆ ಎರಡು ಸೀಟು ಇದ್ದದ್ದು ಈಗ ನಾಲ್ಕಾಗಿದೆ. ಮೂರು ವರ್ಷದ ಕೋರ್ಸು, ಹೀಗಾಗಿ ಯಾವಾಗಲೂ ಹನ್ನೆರಡು ಮಂದಿ. ಅವರನ್ನು ಆಸ್ಪತ್ರೆಯಲ್ಲಿ ಪಿ.ಜಿ.ಗಳು ಎನ್ನುತ್ತಾರೆ. ದಿನಕ್ಕೆ ಮೂವತ್ತು ರೋಗಿಗಳ ಚೂರುಗಳು, ಎಂಬತ್ತರಿಂದ ತೊಂಬತ್ತು ಸ್ಲೈಡು, ಇಬ್ಬರು ಒಟ್ಟಿಗೆ ಇಣುಕಬಹುದಾದ ಮೈಕ್ರೋಸ್ಕೋಪು ಒಂದೇ ಒಂದು. ಇಲ್ಲಿಯವರೆಗೆ ಇಪ್ಪತ್ತೆಂಟು ಮಂದಿ ಇಲ್ಲಿಂದ ಎಂ.ಡಿ. ಆಗಿ ಹೋಗಿದ್ದಾರೆ. ಹೆಚ್ಚಿನವರು ಇಷ್ಟಪಟ್ಟು ಬಂದವರಲ್ಲ, ಮೆಡಿಸಿನ್ನೋ ಸರ್ಜರಿಯೋ ಸಿಗದೆ ಉಳಿದ ಸೀಟಿಗೆ ಬಂದವರು. ಅದು ಮೇಡಂಗೂ ಗೊತ್ತು. ಬಂದ ದಿನವೇ, "ಯಾವ ಸೀಟು ತಪ್ಪಿ ಬಂದೆಯಪ್ಪ?" ಎಂದು ಕೇಳಿಬಿಡುತ್ತಾರೆ.

ಕೇಳಿ ಸುಮ್ಮನಾಗುವುದಿಲ್ಲ. 'ಲಿವರ್' ಎಂದು ಚೀಟಿ ಅಂಟಿಸಿದ ಸ್ಲೈಡೊಂದನ್ನು ಕೈಗಿಟ್ಟು, ಕಂಡದ್ದನ್ನು ಬರಿ ಎನ್ನುತ್ತಾರೆ. ಒಳಗಿರುವುದು ಕಿಡ್ನಿ. ಒಬ್ಬ ಪುಣ್ಯಾತ್ಮ ಕಿಡ್ನಿಯನ್ನು ನೋಡುತ್ತ ನೋಡುತ್ತ ಲಿವರಿನ ಬಗ್ಗೆ ಎರಡು ಪುಟ ಬರೆದಿದ್ದನಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಪಾಠ ಇಲ್ಲಿ ಮೊದಲ ದಿನವೇ ಆಗುತ್ತದೆ, ಮುಖವೂ ಕೆಂಪಾಗುತ್ತದೆ.

ಆಮೇಲೆ ಬರುವುದು ಪುಸ್ತಕ. ಕಪ್ಪು ರೆಕ್ಸಿನ್ ರಟ್ಟಿನ ಉದ್ದನೆಯ ನೋಟ್‌ಬುಕ್ಕು, ಹೆಸರು ಅನುಮಾನದ ಪುಸ್ತಕ. ಪ್ರತಿ ಪಿ.ಜಿ. ಸಂಜೆ ಮನೆಗೆ ಹೋಗುವ ಮುಂಚೆ, ತಾನು ಆ ದಿನ ನೋಡಿದ ಸ್ಲೈಡುಗಳಲ್ಲಿ ಒಂದರ ಬಗ್ಗೆಯಾದರೂ ತನ್ನ ಅನುಮಾನ ಬರೆಯಲೇಬೇಕು. ಚೀಟಿ ತಪ್ಪಿರಬಹುದು, ಬಣ್ಣ ಕೆಟ್ಟಿರಬಹುದು, ಮೇಡಂ ಹೇಳಿದ್ದೇ ತಪ್ಪಿರಬಹುದು, ಏನಾದರೂ ಸರಿ. ಖಾಲಿ ಬಿಟ್ಟವನಿಗೆ ಮರುದಿನ ಶವಾಗಾರದ ಡ್ಯೂಟಿ.

ಅಲ್ಲ, ದಿನಾ ಒಂದು ಅನುಮಾನ ಎಲ್ಲಿಂದ ತರಬೇಕು? ಮಕ್ಕಳು ದಾರಿ ಹುಡುಕಿಕೊಂಡರು. ಬಾಯಿಪಾಠದ ಅನುಮಾನಗಳು ಹುಟ್ಟಿದವು. 'ಬಣ್ಣ ತೆಳುವಾದಂತಿದೆ.' 'ಚೀಟಿಯ ಅಂಟು ಸರಿಯಿಲ್ಲ.' 'ಈ ಚೂರು ಈ ರೋಗಿಯದಲ್ಲದೆ ಇರಬಹುದು.' ಮೇಡಂ ಏನು ಹಸುಗೂಸೇ? ಬೆಳಿಗ್ಗೆ ಕೆಂಪು ಪೆನ್ಸಿಲ್ ಹಿಡಿದು ಕೂತು, ನಿಜವಾದ ಅನುಮಾನಕ್ಕೆ ಸರಿ ಗುರುತು ಹಾಕುತ್ತಾರೆ, ಪುಟ ತುಂಬಿಸಲು ಬರೆದದ್ದರ ಮುಂದೆ 'ಭರ್ತಿ' ಎಂದು ಬರೆಯುತ್ತಾರೆ. ಅವರಿಗೆ ಒಳಗೊಳಗೇ ಒಂದು ಭಯವೂ ಇತ್ತು. "ಅನುಮಾನ ಕಲಿಸ್ತೀನಿ ಅಂತ ಹೋಗಿ ಸುಳ್ಳು ಬರೆಯೋದು ಕಲಿಸ್ತಿದೀನೇನೋ ಅನ್ನಿಸೋದು. ಎಷ್ಟೋ ಸಲ ಪುಸ್ತಕ ಒಲೆಗೆ ಹಾಕೋಣ ಅನ್ಕೊಂಡಿದೀನಿ."

ಆ ಗುರುವಾರ ಮೇಡಂ ಮೊದಲು ಆಪರೇಷನ್ ಥಿಯೇಟರಿಗೆ ಫೋನು ತಿರುಗಿಸುತ್ತಾರೆ. ಗಂಟೆ ಹೊಡೆದುಕೊಳ್ಳುತ್ತದೆ, ಎತ್ತುವವರಿಲ್ಲ. ಸರಿ, ಈ ಸ್ಲೈಡನ್ನು ತಮಗಿಂತ ಮೊದಲು ನೋಡಿದ ಪಿ.ಜಿ. ಯಾರು, ಅವನಿಗೆ ಮೂರನೆಯ ಚೂರು ಕಾಣಲಿಲ್ಲವೇ ಎಂದು ಸಿಟ್ಟಿನಲ್ಲಿ ಅನುಮಾನದ ಪುಸ್ತಕ ಎಳೆದುಕೊಳ್ಳುತ್ತಾರೆ. ಮಂಗಳವಾರದ ಪುಟ. ಅಕ್ಕಯ್ಯಮ್ಮನ ನಂಬರಿನ ಮುಂದೆ ಡಾ. ಮುನಿಆಂಜಿನಪ್ಪನ ದುಂಡು ಅಕ್ಷರ: 'ಈ ಚೂರು ಈ ರೋಗಿಯದಲ್ಲದೆ ಇರಬಹುದು.' ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ, ತಮ್ಮದೇ ಕೈಬರಹದಲ್ಲಿ: 'ಭರ್ತಿ.'

ಮೇಡಂಗೆ ಭೂಮಿ ಬಾಯ್ಬಿಡಬಾರದೇ ಎನಿಸುತ್ತದೆ. ಮುನಿಆಂಜಿನಪ್ಪ ಕೊನೆಯ ವರ್ಷದ ಪಿ.ಜಿ. ಅಲ್ಲಾಳಸಂದ್ರದ ಹುಡುಗ, ಅವರ ಮನೆತನದಲ್ಲೇ ಮೊದಲ ಡಾಕ್ಟರು. ಬುದ್ಧಿವಂತ, ಆದರೆ ಸೋಮಾರಿ ಎಂದು ಮೇಡಂ ಲೆಕ್ಕ. ಇದೇ ವಾಕ್ಯವನ್ನು ಆತ ಎರಡು ತಿಂಗಳಲ್ಲಿ ಹನ್ನೊಂದು ಸಲ ಬರೆದಿದ್ದ. ಹನ್ನೊಂದು ಸಲವೂ ಮೇಡಂ ಕೆಲಸ ಬಿಟ್ಟು ಮೇಣದ ಚೂರು ತರಿಸಿ ಪರೀಕ್ಷಿಸಿದ್ದರು, ಒಂದರಲ್ಲೂ ಏನೂ ಇರಲಿಲ್ಲ. ಹನ್ನೆರಡನೆಯ ಸಲ ಪರೀಕ್ಷಿಸಲಿಲ್ಲ. ತೋಳ ಬಂತು ತೋಳ ಕಥೆ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಕಿವಿ ಮುಚ್ಚಿಕೊಂಡ ಊರಿನವರು ತಾವಾಗುತ್ತೇವೆಂದು ಯಾರೂ ಅಂದುಕೊಂಡಿರುವುದಿಲ್ಲ. "ನಾನು ಸ್ಲೈಡನ್ನ ಅನುಮಾನಿಸೋದು ಬಿಟ್ಟು ಹುಡುಗನ್ನ ಅನುಮಾನಿಸ್ದೆ. ಅಲ್ಲೇ ಕೆಟ್ಟಿದ್ದು. ಮತ್ತೆ ಕಣ್ಣಿಗೆ ಕ್ಯಾನ್ಸರ್ ಸಿಕ್ತು ಅಂದ ತಕ್ಷಣ ಕಣ್ಣು ಹುಡುಕೋದು ನಿಲ್ಸಿಬಿಡುತ್ತೆ. ಇದನ್ನ ಹದಿನಾಲ್ಕು ವರ್ಷದಿಂದ ಪಾಠ ಹೇಳ್ತಿರೋಳೂ ನಾನೇ" ಎನ್ನುತ್ತಾರೆ.

ಏಳು ಗಂಟೆಗೆ ಟೆಕ್ನಿಷಿಯನ್ ರಾಮಕೃಷ್ಣಪ್ಪ ಬರುತ್ತಾರೆ. ಚೂರುಗಳನ್ನು ಮೇಣದಿಂದ ಕೊಯ್ದು ಸ್ಲೈಡು ಮಾಡುವವರು ಅವರೇ, ಇಪ್ಪತ್ತೆರಡು ವರ್ಷದ ಅನುಭವ. ಕೊಯ್ದ ಪೊರೆಯನ್ನು ಬೆಚ್ಚನೆಯ ನೀರಿನ ತಟ್ಟೆಯಲ್ಲಿ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ. ಒಬ್ಬ ರೋಗಿಯದು ಮುಗಿದ ಮೇಲೆ ನೀರಿನ ಮೇಲ್ಮೈಯನ್ನು ಕಾಗದದ ಪಟ್ಟಿಯಿಂದ ಒರೆಸಿ ಇನ್ನೊಬ್ಬರದು ಹಾಕಬೇಕು. ಒರೆಸದಿದ್ದರೆ ಹಿಂದಿನವರ ಒಂದು ಪೊರೆ ಅಲ್ಲೇ ತೇಲುತ್ತಿದ್ದು ಮುಂದಿನವರ ಗಾಜು ಹತ್ತಿಬಿಡುತ್ತದೆ.

"ರಾಮಕೃಷ್ಣಪ್ಪನವರೇ, ಸೋಮವಾರ ನೀರು ಒರೆಸಿದ್ರಾ?" ಎಂದು ಮೇಡಂ ಕೇಳುತ್ತಾರೆ.

"ಮೇಡಂ, ಇಪ್ಪತ್ತೆರಡು ವರ್ಷ ಸರ್ವೀಸು ನಂದು. ನನ್ನ ಮೇಲೇ ಅನುಮಾನಾನಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವರ ಧ್ವನಿ ಏರುತ್ತದೆ.

"ಎಲ್ಲರ ಮೇಲೂ. ಮೊದಲು ನನ್ನ ಮೇಲೆ. ಆ ಮೇಣದ ಚೂರು ತಗೊಳ್ಳಿ, ಹೊಸದಾಗಿ ಕೊಯ್ಯಿರಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಕಾವಲಿಗೆ ನಿಂತವರ ಹಾಗೆ ಮೇಡಂ ನಿಲ್ಲುತ್ತಾರೆ. ರಾಮಕೃಷ್ಣಪ್ಪ ಕೊಯ್ಯಲು ಕೂರುತ್ತಾರೆ. ಮೂರನೆಯ ಪೊರೆ ಎತ್ತುವಾಗ ಅವರೇ ಬಾಯಿ ಬಿಡುತ್ತಾರೆ: "ಸೋಮವಾರ ಹತ್ತಕ್ಕೆ ಕರೆಂಟ್ ಹೋಗುತ್ತೆ ಅಂದಿದ್ರು ಮೇಡಂ. ಅಷ್ಟರಲ್ಲಿ ಮುಗ್ಸೋಣ ಅಂತ ಓಡ್ಸಿದೆ. ಎಲ್ಲೋ ಒಂದ್ಕಡೆ ಒರೆಸಿಲ್ಲ. ತಪ್ಪಾಯ್ತು." ಸೋಮವಾರದ ಪಟ್ಟಿ ನೋಡಿದರೆ, ಅಕ್ಕಯ್ಯಮ್ಮನಿಗಿಂತ ಮೊದಲು ಕೊಯ್ದದ್ದು ಬೇರೊಬ್ಬ ಹೆಂಗಸಿನ ಚೂರು. ಆಕೆಗೆ ಕ್ಯಾನ್ಸರ್ ಇರುವುದು ಮೊದಲೇ ಗೊತ್ತಾಗಿ ಚಿಕಿತ್ಸೆಯೂ ನಡೆಯುತ್ತಿದೆ.

ಬಣ್ಣ ಕೊಟ್ಟು ಮುಗಿಸುವಾಗ ಎಂಟೂ ಕಾಲು. ಹೊಸ ಸ್ಲೈಡಿನಲ್ಲಿ ಎರಡೇ ಚೂರು. ಎರಡೂ ಸಾಧು. ಬೇರೆ ಯಾರಾದರೂ ಆಗಿದ್ದರೆ ಅಲ್ಹಮ್ದುಲಿಲ್ಲಾ ಎಂದು ಥಿಯೇಟರಿಗೆ ಓಡುತ್ತಿದ್ದರು. ಮೇಡಂ ಓಡುವುದಿಲ್ಲ. ಆಗ ತಾನೇ ಬಂದ ಮೂವರು ಪಿ.ಜಿ.ಗಳನ್ನು ಕರೆದು, ಪ್ಲಾಸ್ಟರ್ ಅಂಟಿಸಿದ ಸ್ಲೈಡನ್ನು ಒಬ್ಬೊಬ್ಬರಿಗೇ ತೋರಿಸಿ, ಕಂಡದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳುತ್ತಾರೆ. ಅವರಲ್ಲಿ ಮುನಿಆಂಜಿನಪ್ಪನೂ ಒಬ್ಬ. ಯಾರಿಗೂ ವಿಷಯ ಹೇಳಿಲ್ಲ. "ಕೆಟ್ಟ ಸುದ್ದಿನ ಒಂದು ಸಲ ಅನುಮಾನಿಸಿದ್ರೆ ಒಳ್ಳೇ ಸುದ್ದಿನ ಮೂರು ಸಲ ಅನುಮಾನಿಸ್ಬೇಕು. ಅದನ್ನ ನಂಬೋಕೆ ನಮಗೆ ಆಸೆ ಇರುತ್ತಲ್ಲ, ಅದಕ್ಕೆ." ಮೂರು ಚೀಟಿಯಲ್ಲೂ ಒಂದೇ ಮಾತು: ಕ್ಯಾನ್ಸರ್ ಇಲ್ಲ.

ಥಿಯೇಟರಿನಲ್ಲಿ ಸರ್ಜರಿಯ ಮುಖ್ಯಸ್ಥ ಡಾ. ಮುಜಫ್ಫರ್ ಕೈ ತೊಳೆಯುತ್ತಿದ್ದಾರೆ. ಮೇಡಂ ಬಾಗಿಲಲ್ಲಿ ಕಂಡದ್ದೇ ಅವರ ಹುಬ್ಬು ಮೇಲೇರುತ್ತದೆ.

"ಏನ್ ಮೇಡಂ, ನೀವು ಈ ಕಡೆ?"

"ಮೊದಲನೇ ಆಪರೇಷನ್ ನಿಲ್ಸಿ ಡಾಕ್ಟರೇ. ನನ್ನ ರಿಪೋರ್ಟ್ ತಪ್ಪು."

"ಸೈನು ನಿಮ್ದೇ ಅಲ್ವಾ?"

"ನಂದೇ. ಅದಕ್ಕೇ ಇನ್ನೊಬ್ರನ್ನ ಕಳ್ಸದೆ ನಾನೇ ಬಂದಿರೋದು."

ಡಾ. ಮುಜಫ್ಫರ್ ಕೇಳಬೇಕಾದ್ದನ್ನೇ ಕೇಳುತ್ತಾರೆ: "ಮೊನ್ನೆ ಹೇಳಿದ್ದು ತಪ್ಪಾದ್ರೆ ಇವತ್ತು ಹೇಳ್ತಿರೋದು ಸರಿ ಅಂತ ಹೇಗೆ ನಂಬ್ಲಿ?"

"ನಂಬಬೇಡಿ. ಗಂಟು ಮಾತ್ರ ತೆಗೀರಿ, ಪೂರ್ತಿ ನಂಗೆ ಕಳ್ಸಿ. ಎಲ್ಲಾ ಕಡೆಯಿಂದ ಕೊಯ್ದು ನೋಡ್ತೀವಿ. ಅದರಲ್ಲಿ ಕ್ಯಾನ್ಸರ್ ಸಿಕ್ಕಿದ್ರೆ ಆಗ ಉಳಿದಿದ್ದು ಮಾಡಿ. ಕೊಯ್ದು ಬಿಸಾಕಿದ್ಮೇಲೆ ವಾಪಸ್ ಅಂಟ್ಸೋಕಾಗಲ್ಲ."

"ಬರ್ದು ಕೊಡಿ ಹಾಗಾದ್ರೆ."

ಮೇಡಂ ನಿಂತಲ್ಲೇ ಬರೆದು ಕೊಡುತ್ತಾರೆ. ಹಿಂದಿನ ರಿಪೋರ್ಟು ತಪ್ಪು, ಹೊಣೆ ನನ್ನದು, ಸಮಯ ಎಂಟು ನಲವತ್ತು. ಕೆಳಗೆ ಸಹಿ. ಆ ಕಾಗದ ನಾಳೆ ಯಾರ ಕೈಗೆ ಹೋಗಿ ಏನಾಗುತ್ತದೋ ಎಂಬ ಅಂಜಿಕೆ ಇರಲಿಲ್ಲವೇ? "ಇತ್ತು. ಇಲ್ದೆ ಏನು?" ಎನ್ನುತ್ತಾರೆ.

ಹೊರಗಿನ ಬೆಂಚಿನ ಮೇಲೆ ಹಸಿರು ಅಂಗಿ ತೊಟ್ಟು ಅಕ್ಕಯ್ಯಮ್ಮ ಕೂತಿದ್ದಾರೆ. ಬಳೆ ಬಿಚ್ಚಿದ ಬೋಳು ಕೈ ಮಡಿಲಲ್ಲಿದೆ. ತಾಳಿ, ಕಾಲುಂಗುರ ಪಕ್ಕದಲ್ಲಿರುವ ಅತ್ತೆ ಮುನಿಯಲ್ಲಮ್ಮನ ಸೆರಗಿನ ಗಂಟಿನಲ್ಲಿವೆ. ಯಲಹಂಕದ ಬೀದಿಗಳಲ್ಲಿ ಸೊಪ್ಪು ಮಾರುವ ಹೆಂಗಸು, ದಿನಾ ನೂರು ಜನರ ಚೌಕಾಸಿಗೆ ಮಣಿಯದವರು. ಮೇಡಂ ಎದುರು ಕೂತು ಕ್ಯಾನ್ಸರ್ ಇಲ್ಲ ಅನ್ನಿಸುತ್ತದೆ, ಇವತ್ತು ಗಂಟು ಮಾತ್ರ ತೆಗೆಯುತ್ತಾರೆ ಎಂದು ವಿವರಿಸುತ್ತಾರೆ. ಮುನಿಯಲ್ಲಮ್ಮ ಕೈ ಮುಗಿದು ಅಳಲು ಶುರುಮಾಡುತ್ತಾರೆ. ಅಕ್ಕಯ್ಯಮ್ಮ ಅಳುವುದಿಲ್ಲ.

"ನೀವ್ಯಾರು? ನಿಮ್ಮುನ್ನ ನಾನು ನೋಡೇ ಇಲ್ವಲ್ಲ."

"ನಿಮ್ಮ ಗಂಟಿನ ಚೂರು ನೋಡಿದೋಳು ನಾನು."

"ಚೂರ್ ನೋಡ್ಬುಟ್ಟು ಕಾಯ್ಲೆ ಐತೆ ಅಂತ ಬರ್ದೋರು ನೀವೇನಾ?"

"ನಾನೇ ಅಮ್ಮ."

"ನೆನ್ನೆ ಐತೆ ಅಂದ್ರಿ, ಇವತ್ತು ಇಲ್ಲ ಅಂತೀರ. ನಾಳೀಕೆ ಏನ್ ಏಳ್ತೀರೋ." ಅಕ್ಕಯ್ಯಮ್ಮ ಮೇಡಂ ಮುಖವನ್ನೇ ನೋಡುತ್ತಾರೆ. "ಇಂಗೆ ಇನ್ನೆಷ್ಟು ಜನಕ್ಕೆ ಬರ್ದಿದೀರ?"

ಹನ್ನೆರಡು ಡಾಕ್ಟರುಗಳನ್ನು ದಿನವಿಡೀ ಪ್ರಶ್ನೆ ಕೇಳಿ ಬೆವರಿಳಿಸುವ ಮೇಡಂಗೆ ಈಗ ಪ್ರಶ್ನೆ ಕೇಳಿಸಿಕೊಳ್ಳುವ ಸರದಿ. ಗೊತ್ತಿಲ್ಲ, ಹುಡುಕ್ತೀನಿ ಎಂದಷ್ಟೇ ಹೇಳಿ ಎದ್ದು ಬರುತ್ತಾರೆ. ಹೇಳಿದಂತೆ ಹುಡುಕಿದರು ಕೂಡ. ಆ ಸೋಮವಾರದ್ದಷ್ಟೇ ಅಲ್ಲ, ಎರಡು ತಿಂಗಳಲ್ಲಿ ಕರೆಂಟು ಕಡಿತದ ಹೆದರಿಕೆಯಿಂದ ಅವಸರದಲ್ಲಿ ಕೊಯ್ದ ಅಷ್ಟೂ ಸ್ಲೈಡುಗಳು, ಒಟ್ಟು ನಾನೂರ ಹನ್ನೆರಡು. ಹನ್ನೆರಡು ಮಂದಿ ಪಿ.ಜಿ.ಗಳನ್ನು ಕೂರಿಸಿಕೊಂಡು, ರಿಜಿಸ್ಟರಿನ ಎಣಿಕೆ ಮತ್ತು ಗಾಜಿನ ಎಣಿಕೆ ತಾಳೆ ಹಾಕಿ, ಒಂಬತ್ತು ಬೆಳಗು ಕೂತು ನೋಡಿದರು. ಇನ್ನೆರಡು ಸ್ಲೈಡಿನಲ್ಲಿ ಪರರ ಪೊರೆ ಸಿಕ್ಕಿತು, ಪುಣ್ಯಕ್ಕೆ ಎರಡೂ ಸಾಧು ಪೊರೆಗಳು. ರಾಮಕೃಷ್ಣಪ್ಪನವರ ಮೇಜಿನ ಮೇಲೆ ಈಗ ಕಾಗದದ ಪಟ್ಟಿಗಳನ್ನು ಎಣಿಸಿ ಇಡುತ್ತಾರೆ. ಮೂವತ್ತು ರೋಗಿಗಳಿಗೆ ಮೂವತ್ತು ಪಟ್ಟಿ. ದಿನ ಮುಗಿದಾಗ ಒಂದು ಪಟ್ಟಿ ಉಳಿದಿದ್ದರೂ ಒಂದು ಸಲ ಒರೆಸಿಲ್ಲ ಎಂದೇ ಅರ್ಥ.

ಅಕ್ಕಯ್ಯಮ್ಮನ ಗಂಟು ಇಡಿಯಾಗಿ ಬಂತು. ಎಲ್ಲ ಕಡೆಯಿಂದ ಕೊಯ್ದು ನೋಡಿದರೂ ಅದರಲ್ಲಿ ಕ್ಯಾನ್ಸರಿನ ಸುಳಿವಿಲ್ಲ. ಹೊಲಿಗೆ ಬಿಚ್ಚಿಸಲು ಬಂದ ದಿನ ಆಕೆ ತಾವಾಗಿಯೇ ಪೆಥಾಲಜಿ ವಿಭಾಗ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತರಂತೆ. ಕೃತಜ್ಞತೆ ಹೇಳಲಲ್ಲ. "ಈ ಸಲ ಎಷ್ಟು ಜನ ನೋಡಿದ್ರಿ?" ಎಂದು ಕೇಳಲು. ಐದು ಜನ ಎಂದರು ಮೇಡಂ. "ಸರಿ ಬುಡಿ" ಎಂದು ಆಕೆ ಹೊರಟರು. "ಆಯಮ್ಮನಿಗೆ ಎಂ.ಬಿ.ಬಿ.ಎಸ್. ಆಗಿದ್ದಿದ್ರೆ ನಾಳೇನೇ ಸೀಟು ಕೊಡ್ತಿದ್ದೆ" ಎನ್ನುವಾಗ ಮೇಡಂ ಮುಖ ಅರಳುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು. ಆದರೆ ಆ ಗುರುವಾರದ ಬೆನ್ನಿಗೇ ಬಂದ ಶನಿವಾರ ಎಲ್ಲ ವಿಭಾಗದವರೂ ಸೇರುವ ಸಭೆ ಇತ್ತು. ಪ್ರಿನ್ಸಿಪಾಲರು, ಸರ್ಜನ್‌ಗಳು, ಪಿ.ಜಿ.ಗಳು ಎಲ್ಲರೂ ಸೇರಿದ್ದಾರೆ. ಮೇಡಂ ಆ ಸ್ಲೈಡಿನ ಚಿತ್ರವನ್ನು ಪರದೆಯ ಮೇಲೆ ಹಾಕಿ, ನಡೆದದ್ದನ್ನೆಲ್ಲ ಹೇಳುತ್ತಾರೆ. ಕೊನೆಗೆ ಅನುಮಾನದ ಪುಸ್ತಕವನ್ನೇ ಎತ್ತಿ ಹಿಡಿದು, "ತಪ್ಪು ನಂದು. ಡಾಕ್ಟರ್ ಮುನಿಆಂಜಿನಪ್ಪ ಮಂಗಳವಾರವೇ ಸರಿಯಾಗಿ ಅನುಮಾನ ಪಟ್ಟು ಬರೆದಿದ್ದ. ನಾನು ಅವನ ಮಾತಿನ ಮುಂದೆ 'ಭರ್ತಿ' ಅಂತ ಬರೆದೆ. ಎಲ್ಲರ ಮುಂದೆ ಅವನ ಕ್ಷಮೆ ಕೇಳ್ತೀನಿ" ಎನ್ನುತ್ತಾರೆ.

ಚಪ್ಪಾಳೆ ಬೀಳುತ್ತದೆ. ಪ್ರಿನ್ಸಿಪಾಲರು ಹುಡುಗನಿಗೆ ಪ್ರಶಂಸಾಪತ್ರ ಕೊಡಬೇಕು ಎನ್ನುತ್ತಾರೆ. ಅಂತಿಮ ಪರೀಕ್ಷೆಗೆ ಎರಡೇ ತಿಂಗಳು, ಪರೀಕ್ಷಕರಾಗುವವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಇದಕ್ಕಿಂತ ಅದೃಷ್ಟ ಬೇಕೆ? ಸುಮ್ಮನೆ ತಲೆ ತಗ್ಗಿಸಿ ಮುಗುಳ್ನಕ್ಕರೆ ಸಾಕಿತ್ತು. ಮುನಿಆಂಜಿನಪ್ಪ ಎದ್ದು ನಿಲ್ಲುತ್ತಾನೆ. ಕಿವಿ ಕೆಂಪಾಗಿದೆ.

"ಮೇಡಂ, ಅದು ಭರ್ತಿನೇ. ನೀವು ಬರೆದಿದ್ದು ಸರಿ. ಅವತ್ತು ನಂಗೆ ಏನೂ ಅನುಮಾನ ಬಂದಿರ್ಲಿಲ್ಲ. ಐದು ಗಂಟೆ ಬಸ್ಸು ತಪ್ಪುತ್ತೆ ಅಂತ ಯಾವುದೋ ಒಂದು ನಂಬರ್ ಹಾಕಿ ದಿನಾ ಬರೆಯೋದನ್ನೇ ಬರೆದೆ. ನಾನೂ ಕ್ಯಾನ್ಸರ್ ಅಂತಾನೇ ನೋಡಿದ್ದೆ. ಮೂರನೇ ಚೂರು ನಂಗೂ ಗೊತ್ತಾಗ್ಲಿಲ್ಲ."

ಇವನ ಎಂ.ಡಿ. ಇಲ್ಲಿಗೆ ಮುಗಿಯಿತು ಎಂದು ಜೊತೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೇಡಂ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, "ಕೂತ್ಕೊ" ಎಂದಷ್ಟೇ ಹೇಳುತ್ತಾರೆ. ಸೋಮವಾರದಿಂದ ಹೊಸ ನಿಯಮ ಬಂತು. ಅನುಮಾನ ಬಾರದ ದಿನ ಪುಟ ಖಾಲಿ ಬಿಡಬಹುದು, ಶಿಕ್ಷೆಯಿಲ್ಲ. ಪುಟಗಳು ಈಗ ಹೆಚ್ಚಾಗಿ ಖಾಲಿಯೇ ಇರುತ್ತವೆ. ಆದರೆ ಯಾರಾದರೂ ಏನಾದರೂ ಬರೆದರೆ ಮೇಡಂ ಕುರ್ಚಿಯಿಂದ ಎದ್ದೇಬಿಡುತ್ತಾರೆ.

ಮುನಿಆಂಜಿನಪ್ಪನಿಗೆ ಈಗ ಪರೀಕ್ಷೆಗೆ ಹನ್ನೆರಡು ದಿನ ಉಳಿದಿದೆ. ಪತ್ರಿಕೆಯಲ್ಲಿ ಈ ವಿಷಯ ಹಾಕಬಹುದೇ ಎಂದರೆ, "ಹಾಕಿ ಸಾರ್, ನಿಜ ತಾನೇ" ಎಂದು ಮತ್ತೆ ಓದಲು ಕೂತ. ಹಾಗಾದರೆ ಅಕ್ಕಯ್ಯಮ್ಮನನ್ನು ಉಳಿಸಿದ್ದು ಪುಸ್ತಕವೂ ಅಲ್ಲ, ಹುಡುಗನೂ ಅಲ್ಲ. ಇಷ್ಟು ವರ್ಷ ಅನುಮಾನ ಕಲಿಸಿದ್ದು ದಂಡವಾಯಿತು ಅನ್ನಿಸುವುದಿಲ್ಲವೇ ಎಂದು ಮೇಡಂ ಅವರನ್ನೇ ಕೇಳಿದ್ದಾಯಿತು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಪ್ರಶ್ನೆಯ ಹಿಂದೆ ಇನ್ನೇನಾದರೂ ಇದೆಯೇ ಎಂದು ಒಂದು ಸಲ ನೋಡಿದರು.

"ಅನುಮಾನ ಯಾರು ಬೇಕಾದ್ರೂ ಕಲಿಸ್ಬೋದು ಕಣ್ರೀ. ಚಪ್ಪಾಳೆ ಬೀಳೋವಾಗ ಎದ್ದು ನಿಂತು ಇದು ನಂದಲ್ಲ ಅನ್ನೋದನ್ನ ನಾನು ಕಲಿಸಿದ್ನೋ, ಅವನು ಮನೆಯಿಂದ್ಲೇ ತಂದಿದ್ನೋ, ಅದೂ ಅನುಮಾನವೇ. ಆದ್ರೆ ಒಂದು ಬರ್ಕೊಳ್ಳಿ. ನಾಳೆ ನನ್ನ ಮೈಯಿಂದ್ಲೇ ಒಂದು ಚೂರು ತೆಗೆದ್ರೆ ಅದನ್ನ ಮುನಿಆಂಜಿನಪ್ಪನ ಟೇಬಲ್ ಮೇಲೆ ಇಡ್ಲಿ. ಅವನು ಏನ್ ಬರೆದ್ರೂ ಸರಿ. ಇನ್ನೊಬ್ರಿಗೆ ತೋರ್ಸಿ ಅಂತ ನಾನು ಕೇಳಲ್ಲ."